ಸಾವಿನಾಚೆಗೂ ಸಲ್ಲುವ ಮದುವೆ: ಮಾರ್ಮನ್ ದೇಗುಲದ ಸೀಲಿಂಗ್, ಒಂದು ವಿಮರ್ಶೆ

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರವಿರುವ ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ತನ್ನ ದೇಗುಲಗಳಲ್ಲಿ ಮಾಡಿಸುವ ಮದುವೆಗೆ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಛತ್ರ ಹುಡುಕಬೇಕಿಲ್ಲ, ವಾಲಗದವರನ್ನು ಗೊತ್ತುಮಾಡಬೇಕಿಲ್ಲ, ಹೂವಿನ ಅಲಂಕಾರಕ್ಕೆ ಅಲ್ಲಿ ಜಾಗವೂ ಇಲ್ಲ. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯುತ್ತದೆ. ಈ ಸಭೆಯವರನ್ನು ಲೋಕ ಮಾರ್ಮನ್ನರು ಎನ್ನುತ್ತದೆ. 2018ರಿಂದ ಆ ಹೆಸರು ಬೇಡವೆಂದು ಅವರೇ ಹೇಳುತ್ತಿದ್ದಾರೆ, ಆದರೆ ಓದುಗರಿಗೆ ಪರಿಚಯವಿರುವುದು ಅದೇ ಆದ್ದರಿಂದ ಇಲ್ಲಿ ಉಳಿಸಿಕೊಂಡಿದೆ. ಸೀಲಿಂಗ್ ಎಂಬ ಈ ವಿಧಿಯ ಭರವಸೆ ದೊಡ್ಡದು: ಗಂಡ ಹೆಂಡತಿಯ ಸಂಬಂಧ ಸಾವಿಗೆ ಮುಗಿಯುವುದಿಲ್ಲ, ಮಕ್ಕಳೂ ಅದೇ ಬಂಧನದೊಳಗೆ ಶಾಶ್ವತವಾಗಿ ಸೇರುತ್ತಾರೆ. ವಿಧಿಯಲ್ಲಿ ಹೆಚ್ಚು ತಕರಾರಿಲ್ಲ. ತಕರಾರಿರುವುದು ಅದರ ಹಿಂದಿನ ದಾಖಲೆಪುಸ್ತಕದ ನಿಯಮಗಳಲ್ಲಿ, ಅದರಲ್ಲೂ ಹೆಣ್ಣಿನ ಹೆಸರಿನ ಮುಂದೆ ಏನು ಬರೆಯುತ್ತಾರೆ ಎಂಬುದರಲ್ಲಿ.

ಒಳಗೆ ಹೋಗಲು ರೆಕಮೆಂಡ್ ಎಂಬ ಚೀಟಿ ಬೇಕು. ಮೊದಲು ಸ್ಥಳೀಯ ಬಿಷಪ್, ಆಮೇಲೆ ಅವರ ಮೇಲಿನ, ಹಲವು ಸ್ಥಳೀಯ ಸಭೆಗಳನ್ನು ನೋಡಿಕೊಳ್ಳುವ ಸ್ಟೇಕ್ ಅಧ್ಯಕ್ಷರು, ಇಬ್ಬರೂ ಬೇರೆ ಬೇರೆಯಾಗಿ ಕೂರಿಸಿ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಆದಾಯದ ಹತ್ತನೇ ಒಂದು ಪಾಲನ್ನು ದಶಮಾಂಶವಾಗಿ ಕೊಡುತ್ತಿದ್ದೀರಾ, ಮದುವೆಗೆ ಹೊರಗಿನ ಸಂಬಂಧವಿಲ್ಲವೇ, ಮದ್ಯ, ತಂಬಾಕು, ಚಹಾ, ಕಾಫಿ ಬಿಟ್ಟಿದ್ದೀರಾ ಎಂಬುವು ಅವುಗಳಲ್ಲಿ ಮುಖ್ಯ. (ಫಿಲ್ಟರ್ ಕಾಫಿಗೂ ವಿನಾಯಿತಿ ಇಲ್ಲ.) ಚೀಟಿ ಎರಡು ವರ್ಷ ನಡೆಯುತ್ತದೆ. ಹೊಸದಾಗಿ ದೀಕ್ಷಾಸ್ನಾನ ಪಡೆದವರು ಎಂಡೋಮೆಂಟ್ ಎಂಬ ದೇಗುಲದ ಪ್ರತಿಜ್ಞಾವಿಧಿಗೆ ಸಾಮಾನ್ಯವಾಗಿ ಒಂದು ವರ್ಷ ಕಾಯಬೇಕು. ಶುಲ್ಕವಿಲ್ಲ ಎಂದರೆ ಖರ್ಚಿಲ್ಲ ಎಂದಲ್ಲ: ತಿಂಗಳಿಗೆ 60,000 ರೂಪಾಯಿ ದುಡಿಯುವವರು ವರ್ಷಕ್ಕೆ 72,000 ಕೊಡುತ್ತಿರಬೇಕು.

ಸೀಲಿಂಗ್‌ಗೆ ಮೊದಲು ಎಂಡೋಮೆಂಟ್ ಆಗಿರಲೇಬೇಕು. ತೊಳೆದು ಎಣ್ಣೆ ಹಚ್ಚುವ ಸಾಂಕೇತಿಕ ವಿಧಿ, ಗಾರ್ಮೆಂಟ್ ಎಂಬ ಪವಿತ್ರ ಒಳಉಡುಪು, ಆಮೇಲೆ ಸೃಷ್ಟಿಕಥೆಯ ನಡುನಡುವೆ ಒಂದೊಂದಾಗಿ ಮಾಡುವ ಪ್ರತಿಜ್ಞೆಗಳು. ಇದನ್ನೂ ಸೀಲಿಂಗನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳುವುದು ಅನೇಕ ಮದುಮಕ್ಕಳು ಮಾಡುವ ತಪ್ಪು. ಎಂಡೋಮೆಂಟ್ ಮೊದಲ ಸಲ ಕಂಡವರಿಗೆ ತಲೆ ಸುತ್ತಿದಂತಾಗುತ್ತದೆ, ಮದುವೆಯ ಗಳಿಗೆಯಲ್ಲಿ ಮನಸ್ಸು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಕೆಲವು ವಾರ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಗಾರ್ಮೆಂಟನ್ನು ಅಂದಿನಿಂದ ಜೀವನಪೂರ್ತಿ ತೊಡಬೇಕು. ಸೆಖೆಯ ನಾಡುಗಳ ಹೆಂಗಸರಿಗೆ ಅದು ಹಿಂಸೆಯೆಂಬ ದೂರು ಹಳೆಯದು, ತೋಳಿಲ್ಲದ ಮಾದರಿಯನ್ನು ಸಭೆ ಪ್ರಕಟಿಸಿದ್ದು 2024ರಲ್ಲಿ.

ಮದುವೆಯ ದಿನದ ವ್ಯವಸ್ಥೆ ಅಚ್ಚುಕಟ್ಟು. ಹೊತ್ತು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕಾನೂನಿನ ಮದುವೆಯೂ ಅಲ್ಲೇ ಆಗುವ ದೇಶಗಳಲ್ಲಿ ರೆಕಮೆಂಡ್ ಜೊತೆಗೆ ಸರ್ಕಾರಿ ಮದುವೆ ಪರವಾನಗಿ ಕೈಯಲ್ಲಿರಬೇಕು, ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಬಟ್ಟೆ ಬಿಳಿ, ತೋಳುಳ್ಳದ್ದು, ಹೆಚ್ಚು ಕುಸುರಿಯಿಲ್ಲದ್ದು. ಚಿಕ್ಕ ಕೋಣೆ, ನಡುವೆ ಮೆತ್ತೆ ಹಾಕಿದ ವೇದಿ, ಎದುರುಬದುರು ಗೋಡೆಗಳಲ್ಲಿ ಕನ್ನಡಿಗಳು. ವೇದಿಯ ಆಚೀಚೆ ಮೊಣಕಾಲೂರಿ ಕೈ ಹಿಡಿದರೆ, ಒಂದರೊಳಗೊಂದು ಕನ್ನಡಿಯಲ್ಲಿ ಬಿಂಬಗಳು ಕೊನೆಯಿಲ್ಲದೆ ಸಾಗುತ್ತವೆ. ಸೀಲರ್ ಎಂಬ ಪುರೋಹಿತರು ನಾಲ್ಕು ಮಾತು ಹೇಳಿ ವಿಧಿ ಓದುತ್ತಾರೆ, ಇಬ್ಬರು ಸಾಕ್ಷಿಗಳಿರುತ್ತಾರೆ. ಉಂಗುರ ವಿಧಿಯ ಭಾಗವಲ್ಲ, ಮುಗಿದ ಮೇಲೆ ಬೇಕಾದರೆ ಅಲ್ಲೇ ತೊಡಿಸಬಹುದು. ಒಳಗೆ ಕ್ಯಾಮೆರಾ ಇಲ್ಲ, ಫೋಟೊಗಳೆಲ್ಲ ಹೊರಗಿನ ಅಂಗಳದಲ್ಲಿ. ಆಡಂಬರದ ಮದುವೆಗಳಿಂದ ಬೇಸತ್ತವರಿಗೆ ಈ ಸರಳತೆ ನಿಜಕ್ಕೂ ಹಿಡಿಸುತ್ತದೆ.

ಬಾಗಿಲಲ್ಲಿ ಮಾತ್ರ ಕಷ್ಟ. ಎಂಡೋಮೆಂಟ್ ಆಗಿ ಚಾಲ್ತಿಯ ರೆಕಮೆಂಡ್ ಇರುವವರಿಗಷ್ಟೇ ಪ್ರವೇಶ. ಬೇರೆ ಧರ್ಮದ ತಂದೆತಾಯಿ, ಸಭೆ ಬಿಟ್ಟ ಅಣ್ಣ, ದಶಮಾಂಶ ನಿಲ್ಲಿಸಿದ ಚಿಕ್ಕಪ್ಪ, ಎಂಡೋಮೆಂಟ್ ಆಗದ ತಂಗಿ ಎಲ್ಲರೂ ಹೊರಗೆ. ಮದುವೆಗೆ ಬಂದ ತಾಯಿ ಮದುವೆಯನ್ನೇ ನೋಡದೆ ಅಂಗಳದಲ್ಲಿ ಕಾಯುವುದು ಅಮೆರಿಕದಲ್ಲಿ ತಲೆಮಾರುಗಳ ಕಾಲ ನಡೆದುಬಂದದ್ದು. ಅವರಿಗಾಗಿ ಮೊದಲು ಹೊರಗೆ ಮದುವೆಯಾದರೆ ಸೀಲಿಂಗ್‌ಗೆ ಒಂದು ವರ್ಷ ಕಾಯಬೇಕೆಂಬ ನಿಯಮವಿತ್ತು. ಬ್ರಿಟನ್ನಿನಂಥ ದೇಶಗಳಲ್ಲಿ, ಮದುವೆ ಸಾರ್ವಜನಿಕವಾಗಿ ಆಗಬೇಕೆಂದು ಅಲ್ಲಿನ ಕಾನೂನು ಹೇಳುವುದರಿಂದ, ಆ ಕಾಯುವಿಕೆ ಇರಲಿಲ್ಲ. ಹಾಗಾದರೆ ಅಡ್ಡಿ ಸಿದ್ಧಾಂತದ್ದಲ್ಲ, ಬರೀ ಆಡಳಿತದ್ದು ಎಂದಾಯಿತು. 2019ರ ಮೇ ತಿಂಗಳಲ್ಲಿ ಆ ಒಂದು ವರ್ಷವನ್ನು ಎಲ್ಲೆಡೆ ತೆಗೆದುಹಾಕಿದರು. ಈಗ ಎಲ್ಲರೆದುರು ಮದುವೆಯಾಗಿ ಆಮೇಲೆ ದೇಗುಲಕ್ಕೆ ಹೋಗಬಹುದು. ಇಷ್ಟು ಸುಲಭದ ಪರಿಹಾರಕ್ಕೆ ಇಷ್ಟು ವರ್ಷ ಬೇಕಿತ್ತೇ ಎಂಬ ಪ್ರಶ್ನೆಗೆ ಅಂಗಳದಲ್ಲಿ ಕಾದ ತಾಯಂದಿರೇ ಹಕ್ಕುದಾರರು.

ಅದೇ ವರ್ಷ ಹೆಂಗಸರಿಗೆ ಸಂಬಂಧಿಸಿದ ಇನ್ನೂ ಕೆಲವು ಬದಲಾದವು. ಎಂಡೋಮೆಂಟ್‌ನಲ್ಲಿ ಹೆಂಡತಿ ಗಂಡನ ಮಾತಿಗೆ ಕಿವಿಗೊಡುವೆನೆಂದು ಮಾಡುತ್ತಿದ್ದ ಪ್ರತ್ಯೇಕ ಪ್ರತಿಜ್ಞೆ ಜನವರಿಯಲ್ಲಿ ಹೋಯಿತೆಂದು ಪತ್ರಿಕೆಗಳು ವರದಿ ಮಾಡಿದವು. 1990ಕ್ಕೆ ಮೊದಲು ಆ ಜಾಗದಲ್ಲಿ ಇದ್ದದ್ದು ವಿಧೇಯತೆಯ ಮಾತು. ಅಕ್ಟೋಬರಿನಲ್ಲಿ ಹೆಂಗಸರೂ ಸೀಲಿಂಗ್‌ಗೆ ಸಾಕ್ಷಿಯಾಗಬಹುದೆಂದಾಯಿತು. ಸೀಲರ್ ಮಾತ್ರ ಈಗಲೂ ಗಂಡಸೇ. ಗಂಡನ ಕೆಲಸ ಮುಂದಾಳುತನ, ಹೆಂಡತಿಯ ಮುಖ್ಯ ಹೊಣೆ ಮಕ್ಕಳ ಪಾಲನೆ ಎಂಬ 1995ರ ಕುಟುಂಬ ಘೋಷಣೆಯೂ ಹಾಗೇ ಇದೆ.

ಇನ್ನು ದಾಖಲೆಪುಸ್ತಕ. ಹೆಂಡತಿ ತೀರಿಕೊಂಡ ಗಂಡಸು ಮತ್ತೊಬ್ಬಳನ್ನು ಸೀಲಿಂಗ್ ಮಾಡಿಕೊಳ್ಳಬಹುದು, ಮೊದಲನೆಯದು ಅಳಿಯುವುದಿಲ್ಲ. ವಿಚ್ಛೇದಿತನಾದರೆ ಮೇಲಿನಿಂದ ಅನುಮತಿ ತಂದರೆ ಸಾಕು. ಗಂಡ ತೀರಿಕೊಂಡ ಹೆಂಗಸಿಗೆ ಹಾಗಿಲ್ಲ. ಬದುಕಿರುವಾಗ ಅವಳ ಸೀಲಿಂಗ್ ಒಬ್ಬನೊಂದಿಗೆ ಮಾತ್ರ. ಎರಡನೆಯವನನ್ನು ಮದುವೆಯಾಗಬಹುದು, ಆದರೆ ಅದು ಈ ಲೋಕದ ಮಟ್ಟಿಗೆ. ಶಾಶ್ವತವಾಗಬೇಕಾದರೆ ಮೊದಲ ಗಂಡನೊಂದಿಗಿನ ಸೀಲಿಂಗನ್ನು ರದ್ದು ಮಾಡಿಸಬೇಕು, ಅಂದರೆ ಸತ್ತವನ ಕೈ ಬಿಡಬೇಕು. ಅವಳು ಸತ್ತ ಮೇಲೆ, ಬದುಕಿನಲ್ಲಿ ಮದುವೆಯಾಗಿದ್ದ ಗಂಡಂದಿರೆಲ್ಲರೊಂದಿಗೆ ಅವಳ ಪರವಾಗಿ ಸೀಲಿಂಗ್ ಮಾಡಿಸಲು ಅವಕಾಶವಿದೆ. ಸತ್ತವಳಿಗೆ ಆಗುವುದು ಬದುಕಿರುವವಳಿಗೆ ಯಾಕಾಗದು ಎಂಬುದಕ್ಕೆ ಸಮಾಧಾನದ ಉತ್ತರ ಸಿಗುವುದಿಲ್ಲ.

ಮಕ್ಕಳ ವಿಷಯ ಇನ್ನೂ ಬಿಗಿ. ಸೀಲಿಂಗ್ ಆದ ತಾಯಿಗೆ ಹುಟ್ಟುವ ಮಕ್ಕಳು ಆ ಸೀಲಿಂಗ್‌ಗೇ ಸೇರುತ್ತಾರೆ. ಇಪ್ಪತ್ತೈದಕ್ಕೇ ಗಂಡನನ್ನು ಕಳೆದುಕೊಂಡವಳು ಮತ್ತೆ ಮದುವೆಯಾಗಿ, ಹಳೆಯ ಸೀಲಿಂಗ್ ರದ್ದಾಗದೆ ಮಗು ಹೆತ್ತರೆ, ದಾಖಲೆಯಲ್ಲಿ ಆ ಮಗುವಿನ ಶಾಶ್ವತ ಬಂಧನ ತೀರಿಹೋದ ಮೊದಲ ಗಂಡನೊಂದಿಗೆ. ಹೊತ್ತು ಆಡಿಸಿ ಬೆಳೆಸುವ ತಂದೆಯ ಹೆಸರು ಅಲ್ಲಿಲ್ಲ. ಎಳೆಯ ವಿಧವೆಯರಿಗೆ ಸಭೆಯೊಳಗೆ ವರ ಸಿಗುವುದು ಕಷ್ಟವಾಗಲು ಇದೂ ಒಂದು ಕಾರಣ. ಹೆಂಡತಿ ಸತ್ತ ಗಂಡಸಿಗೆ ಈ ತೊಡಕು ಯಾವುದೂ ಇಲ್ಲ.

ವಿಚ್ಛೇದಿತಳಿಗೆ ರದ್ದತಿ ಹೀಗೆ ನಡೆಯುತ್ತದೆ: ಕಾನೂನಿನ ವಿಚ್ಛೇದನ ಮುಗಿದಿರಬೇಕು, ಬಿಷಪ್ ಮೂಲಕ ಅರ್ಜಿ, ಸ್ಟೇಕ್ ಅಧ್ಯಕ್ಷರ ಸಹಿ, ಮಾಜಿ ಗಂಡನ ಹೇಳಿಕೆ, ಕೊನೆಗೆ ಸಭೆಯ ಅತ್ಯುನ್ನತ ಆಡಳಿತವಾದ ಸಾಲ್ಟ್ ಲೇಕ್‌ನ ಪ್ರಥಮ ಅಧ್ಯಕ್ಷ ಮಂಡಳಿಯ ತೀರ್ಮಾನ. ಹೊಡೆಯುತ್ತಿದ್ದವನಿಂದ ಬಿಡಿಸಿಕೊಂಡು ಬಂದವಳಿಗೆ ಅವನ ಹೇಳಿಕೆಯ ಹಂತವೇ ಅತ್ಯಂತ ಭಾರ. ಬಿಷಪ್ ಅವನನ್ನು ಸಂಪರ್ಕಿಸುವುದರಿಂದ ಅಪಾಯವಿದ್ದರೆ ಅರ್ಜಿ ಕೊಡುವಾಗಲೇ ಬರವಣಿಗೆಯಲ್ಲಿ ತಿಳಿಸಬೇಕು. ರದ್ದಾದರೂ ಆಗಲೇ ಹುಟ್ಟಿದ ಮಕ್ಕಳ ಬಂಧನ ಕಳಚುವುದಿಲ್ಲ. ಇದು ತಿಳಿಯದೆ, ಮಕ್ಕಳು ಅನಾಥರಾಗುತ್ತಾರೆಂದು ಹೆದರಿ ಅರ್ಜಿಯನ್ನೇ ಹಾಕದವರಿದ್ದಾರೆ.

ಈ ಅಸಮ ಲೆಕ್ಕದ ಬೇರು 1843ರಲ್ಲಿದೆ. ಸ್ಥಾಪಕ ಜೋಸೆಫ್ ಸ್ಮಿತ್ ಆ ಜುಲೈನಲ್ಲಿ ಬರೆಸಿದ ದೈವವಾಣಿ, ‘ಡಾಕ್ಟ್ರಿನ್ ಅಂಡ್ ಕವನೆಂಟ್ಸ್’ ಎಂಬ ಧರ್ಮಗ್ರಂಥದ 132ನೇ ವಿಭಾಗ, ಶಾಶ್ವತ ಮದುವೆಯನ್ನೂ ಬಹುಪತ್ನಿತ್ವವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಅವರ ಹೆಂಡತಿ ಎಮ್ಮಾಳನ್ನು ಹೆಸರು ಹಿಡಿದು ಎಚ್ಚರಿಸುತ್ತದೆ. ಜೋಸೆಫ್‌ಗೆ ಸೀಲಿಂಗ್ ಆದವರು 30ರಿಂದ 40 ಮಂದಿ ಇರಬಹುದು, ಒಬ್ಬಾಕೆಗೆ ಇನ್ನೂ 15 ತುಂಬಿರಲಿಲ್ಲ ಎಂದು ಸಭೆಯೇ 2014ರ ತನ್ನ ಲೇಖನದಲ್ಲಿ ಒಪ್ಪಿಕೊಂಡಿದೆ. 1890ರಲ್ಲಿ ಬಹುಪತ್ನಿತ್ವ ಬಿಟ್ಟೆವೆಂದು ಘೋಷಿಸಿದರು, 132ನೇ ವಿಭಾಗ ಗ್ರಂಥದಲ್ಲೇ ಉಳಿಯಿತು. ಭೂಮಿಯ ಮೇಲೆ ಒಬ್ಬಳೇ ಹೆಂಡತಿ, ಆಚೆ ಎಷ್ಟೋ! 2019ರ ಅಕ್ಟೋಬರ್ ಸಮ್ಮೇಳನದಲ್ಲಿ, ಮೊದಲ ಹೆಂಡತಿ ತೀರಿಕೊಂಡ ಮೇಲೆ ತಾವೂ ಎರಡನೆಯ ಸೀಲಿಂಗ್ ಮಾಡಿಕೊಂಡಿದ್ದ ಸಭೆಯ ಹಿರಿಯ ನಾಯಕ ಡ್ಯಾಲಿನ್ ಎಚ್. ಓಕ್ಸ್ ಒಬ್ಬ ಹೆಣ್ಣುಮಗಳ ಪತ್ರದ ವಿಷಯ ಹೇಳಿದರು. ವಿಧುರನನ್ನು ಮದುವೆಯಾಗಲಿದ್ದ ಆಕೆಯ ಆತಂಕ, ಪರಲೋಕದಲ್ಲಿ ತನಗೆ ಬೇರೆ ಮನೆ ಸಿಗುತ್ತದೆಯೇ ಎಂಬುದು. ಸಭಿಕರು ನಕ್ಕರು. ದೇವರನ್ನು ನಂಬಿ ಎಂಬುದು ಅವರು ಕೊಟ್ಟ ಉತ್ತರ. ಈಗ ಸಭೆಯ ಅಧ್ಯಕ್ಷರು ಅವರೇ. ಸವತಿಯ ಸಂಕಟ ಏನೆಂದು ಬಲ್ಲ ಯಾವ ಹೆಣ್ಣಿಗೂ ಅದು ನಗುವ ಪ್ರಶ್ನೆಯಲ್ಲ.

ಇಷ್ಟಾದರೂ ಈ ನಂಬಿಕೆ ಕೊಡುವ ಬಲ ಸಣ್ಣದಲ್ಲ. ಮಗು ಕಳೆದುಕೊಂಡ ತಾಯಿಗೆ, ಆ ಮಗು ಎಂದಿಗೂ ತನ್ನದೇ ಎಂಬ ಮಾತು ದಿನ ತಳ್ಳಲು ಆಸರೆಯಾಗುತ್ತದೆ. ಅದೇ ಮಾತು, ದೊಡ್ಡವನಾದ ಮಗ ಸಭೆ ಬಿಟ್ಟಾಗ ತಿರುಗುಬಾಣವಾಗುತ್ತದೆ. ಅವನು ಆಯ್ದುಕೊಂಡದ್ದು ಬೇರೆ ದಾರಿಯಲ್ಲ, ಶಾಶ್ವತ ಕುಟುಂಬದಲ್ಲಿ ಒಂದು ಖಾಲಿ ಜಾಗ ಎಂದು ಮನೆಯವರು ಅಳುತ್ತಾರೆ. ಅತ್ಯುನ್ನತ ಸ್ವರ್ಗಕ್ಕೆ ಈ ಮದುವೆ ಬೇಕೇಬೇಕೆನ್ನುವುದರಿಂದ ಮದುವೆಯಾಗದ ಹೆಂಗಸರಿಗೆ ಸಿಗುವುದು ಮುಂದಿನ ಲೋಕದ ಆಶ್ವಾಸನೆ ಮಾತ್ರ.

ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. ಬೆಂಗಳೂರಿನಲ್ಲಿ ದೇಗುಲ ಕಟ್ಟುವುದಾಗಿ 2018ರ ಏಪ್ರಿಲ್ 1ರಂದು ಪ್ರಕಟಿಸಿದರು, 2020ರ ಡಿಸೆಂಬರಿನಲ್ಲಿ ಭೂಮಿಪೂಜೆಗೆ ಸಮನಾದ ಕಾರ್ಯಕ್ರಮವಾಯಿತು. ಇಲ್ಲಿ ದೇಗುಲವಿಲ್ಲದಾಗ ಇಲ್ಲಿನ ಸದಸ್ಯರು ಹಾಂಗ್‌ಕಾಂಗ್‌ನಂಥ ಕಡೆ ಹೋಗಬೇಕಿತ್ತು, ಪಾಸ್‌ಪೋರ್ಟು ವಿಮಾನ ಟಿಕೆಟ್ಟಿನ ಖರ್ಚೇ ದೊಡ್ಡ ಅಡ್ಡಿ. ಇಲ್ಲಿ ಸದಸ್ಯರಾದ ಹಲವರ ಮನೆಯವರು ಸದಸ್ಯರಲ್ಲ, ಹಾಗಾಗಿ ಧಾರೆ ಎರೆಯಬೇಕಾದ ಅಪ್ಪ ಅಮ್ಮನೇ ಹೊರಗುಳಿಯುತ್ತಾರೆ. ಇಂಥವರು ಎಲ್ಲರೆದುರಿನ ಮದುವೆಯನ್ನು ಮೊದಲು ಮಾಡಿಕೊಳ್ಳುವುದೇ ಸರಿ. ಸೀಲಿಂಗ್ ಆಯಿತೆಂದ ಮಾತ್ರಕ್ಕೆ ಕಾನೂನಿನ ಮದುವೆಯೂ ಆಯಿತೆಂದು ಎಣಿಸಬೇಡಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಾದರೆ ಇಬ್ಬರಲ್ಲೊಬ್ಬರು 30 ದಿನ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್, ಆಕ್ಷೇಪಣೆಗೆ 30 ದಿನ, ಮೂವರು ಸಾಕ್ಷಿಗಳು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಮತ್ತೆ ಮೊದಲಿನಿಂದ. ಯಾರಿಗಾದರೂ ಇದು ಎರಡನೆಯ ಮದುವೆಯಾದರೆ, ದಿನ ಗೊತ್ತುಮಾಡುವ ಮೊದಲೇ ವಾರ್ಡ್ ಎಂಬ ತಮ್ಮ ಸ್ಥಳೀಯ ಸಭೆಯ ಗುಮಾಸ್ತರಿಂದ ಇಬ್ಬರೂ ತಮ್ಮ ವಿಧಿಗಳ ದಾಖಲೆಯನ್ನು ಮುದ್ರಿಸಿ ತೆಗೆದುಕೊಂಡು, ಸೀಲಿಂಗ್ ಕಾಲಂನಲ್ಲಿ ಯಾರ ಹೆಸರಿದೆ ಎಂದು ಒಟ್ಟಿಗೆ ಕೂತು ನೋಡಿಕೊಳ್ಳಿ.