ತೋಟೆ ತುಂಬುವ ಮಶೀನ್ ಕೆಟ್ಟರೆ: ಲೈಫ್‌ಟೈಮ್ ವಾರಂಟಿ ನಂಬಿ ಪಾರ್ಸೆಲ್ ಕಳಿಸುವ ಮುಂಚೆ ಇದನ್ನು ಓದಿ

ಡಬ್ಬದ ಮೇಲೆ ‘ಲೈಫ್‌ಟೈಮ್ ವಾರಂಟಿ’ ಎಂದು ದೊಡ್ಡದಾಗಿ ಬರೆದಿದ್ದರೆ, ಯಾರ ಲೈಫು, ಯಾವ ಭಾಗಕ್ಕೆ, ಪಾರ್ಸೆಲ್ ಖರ್ಚು ಯಾರದು ಎಂದು ಕೊಳ್ಳುವಾಗಲೇ ಕೇಳಿಬಿಡಿ. ಕೆಟ್ಟ ಮೇಲೆ ಕೇಳಿದರೆ ಸಿಗುವ ಉತ್ತರವೇ ಬೇರೆ. ತೋಟೆ ತುಂಬುವ ಮಶೀನ್ ಮುರಿದು, ಅದರ ವಾರಂಟಿ ಬೆನ್ನು ಹತ್ತಿ ಟೆಕ್ಸಸ್‌ನಲ್ಲಿ ನಾನು ಪಟ್ಟ ಪಾಡು ಇದು. ಕಂಪನಿಯ ಹೆಸರು ಬರೆಯುವುದಿಲ್ಲ. ಮುಂದೆ ಬರುವ ಕಂಪನಿ ಹೆಸರುಗಳಲ್ಲಿ ಯಾವುದೂ ಅದಲ್ಲ, ಸುಮ್ನೆ ಊಹಿಸಬೇಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ಗುಂಡು ಹಾರಿದ ಮೇಲೆ ಹಿತ್ತಾಳೆಯ ಕೋಶ ಉಳಿಯುತ್ತದಲ್ಲ, ಅದನ್ನು ಇಲ್ಲಿ ಎಸೆಯುವುದಿಲ್ಲ. ಸುಟ್ಟ ಪ್ರೈಮರ್ (ಏಟು ಬಿದ್ದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ತಳದ ಪುಟ್ಟ ಬಿಲ್ಲೆ) ತೆಗೆದು, ಕೋಶವನ್ನು ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಒತ್ತಿ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ಹಾಕಿ, ಮೇಲೆ ಗುಂಡು ಕೂರಿಸಿದರೆ ಹೊಸ ತೋಟೆ ಸಿದ್ಧ. ನಮ್ಮ ಮಲೆನಾಡು, ಕೊಡಗಿನ ಕಡೆ ಹಿರಿಯರು ಕೇಪಿನ ಕೋವಿಗೆ ಮದ್ದು ತುಂಬಿದ್ದನ್ನು ನೋಡಿದವರಿಗೆ ಇದು ಹೊಸದಲ್ಲ. ಅಮೆರಿಕದಲ್ಲಿ ಗುರಿ ಸ್ಪರ್ಧೆಗೆ ಹೋಗುವ ಎಷ್ಟೋ ಜನ ಗ್ಯಾರೇಜ್‌ನಲ್ಲೇ ಇದನ್ನು ಮಾಡಿಕೊಳ್ಳುತ್ತಾರೆ. ಈ ಮಶೀನಿಗೆ ಪ್ರೆಸ್ ಎನ್ನುತ್ತಾರೆ. ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಒಂದು ಸಲಕ್ಕೆ ಒಂದೇ ಕೆಲಸ. ಪ್ರೊಗ್ರೆಸಿವ್ ಪ್ರೆಸ್‌ನಲ್ಲಿ ಹಿಡಿ ಎಳೆದಾಗಲೆಲ್ಲ ಕೋಶಗಳನ್ನು ಹಿಡಿದಿರುವ ಶೆಲ್ ಪ್ಲೇಟ್ ಒಂದು ಮನೆ ತಿರುಗುತ್ತದೆ, ಎಲ್ಲ ಕೆಲಸವೂ ಒಟ್ಟಿಗೆ ನಡೆಯುತ್ತದೆ, ಪ್ರತಿ ಎಳೆತಕ್ಕೂ ಒಂದು ತೋಟೆ ಬೀಳುತ್ತದೆ. ನನ್ನದು ಈ ಎರಡನೆಯದು.

ಮೊದಲು ಪ್ಲೇಟ್ ಅರ್ಧಕ್ಕೆ ನಿಲ್ಲಲು ಶುರುವಾಯಿತು. ಸ್ಕ್ರೂ ಬಿಗಿ ಮಾಡಿದೆ, ಎಣ್ಣೆ ಹಾಕಿದೆ, ಸರಿಹೋಗಲಿಲ್ಲ. ಟಾರ್ಚ್ ಹಿಡಿದು ಅಡಿಯಿಂದ ನೋಡಿದರೆ, ಲಿಂಕ್‌ನ ಪಿನ್ ಕೂರುವ ಜಾಗದಲ್ಲಿ ಫ್ರೇಮ್‌ಗೇ ಕೂದಲೆಳೆಯಂತೆ ಬಿರುಕು. ಕೆಲಸ ಅಲ್ಲಿಗೇ ನಿಲ್ಲಿಸಿದೆ.

ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ‘ಪಾರ್ಟ್ ಬರುವ ತನಕ ಹೇಗೋ ಕೈಯಲ್ಲೇ ತಿರುಗಿಸಿ ನಡೆಸೋಣ’ ಎನ್ನುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಪ್ಲೇಟ್ ಸರಿಯಾಗಿ ತಿರುಗದಿದ್ದರೆ ಒಂದೇ ಕೋಶಕ್ಕೆ ಎರಡು ಸಲ ಮದ್ದು ಬೀಳಬಹುದು, ಅಥವಾ ಬೀಳದೆಯೇ ಮುಂದೆ ಹೋಗಬಹುದು. 9 ಎಂಎಂ ತೋಟೆಗೆ ಅಮೆರಿಕದ ಉದ್ಯಮ ಸಂಸ್ಥೆ ಸಾಮಿ ಇಟ್ಟಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 35,000 ಪೌಂಡ್. ಮದ್ದು ಎರಡರಷ್ಟಾದರೆ ಅದು ಎಲ್ಲಿಗೆ ಹೋಗುತ್ತದೋ! ಮದ್ದೇ ಇಲ್ಲದಿದ್ದರೆ ಪ್ರೈಮರ್‌ನ ಜೋರಿಗೆ ಗುಂಡು ಬ್ಯಾರಲ್ ಮಧ್ಯಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಗೊತ್ತಾಗದೆ ಇನ್ನೊಂದು ಹೊಡೆದರೆ ಬ್ಯಾರಲ್ ಸಿಡಿಯಬಹುದು. ಆಗ ಕೋವಿ ಕಂಪನಿಯ ವಾರಂಟಿಯೂ ಕೈಕೊಡುತ್ತದೆ. ಮನೆಯಲ್ಲಿ ತುಂಬಿದ ತೋಟೆಯಿಂದಾದ ಹಾನಿಗೆ ನಾವು ಹೊಣೆಯಲ್ಲ ಎಂದು ಹೆಚ್ಚಿನ ಕಂಪನಿಗಳು ಪುಸ್ತಕದಲ್ಲೇ ಬರೆದಿರುತ್ತವೆ.

ಸರಿ, ಪ್ರೆಸ್ ಕಂಪನಿಗೆ ಫೋನ್ ಮಾಡಿದೆ. ಎತ್ತಿದವರು ತುಂಬಾ ಒಳ್ಳೆಯ ಮಾತಿನವರು. ಫೋಟೋ ಕಳಿಸಿ ಎಂದರು, ಕಳಿಸಿದೆ. ಆಮೇಲೆ ಬಿಲ್ ಕೇಳಿದರು, ಅದನ್ನೂ ಕಳಿಸಿದೆ. ಆಗ ಮೊದಲ ಕೊಕ್ಕೆ ಬಿತ್ತು: ‘ನೀವು ಕೊಂಡ ಅಂಗಡಿ ನಮ್ಮ ಅಧಿಕೃತ ಡೀಲರ್ ಅಲ್ಲ.’ ದೊಡ್ಡ ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಹೊಚ್ಚ ಹೊಸ ಪೆಟ್ಟಿಗೆ, ಸೀಲ್ ಒಡೆಯದೆ ಬಂದಿದ್ದು. ಅಲ್ಲಿ ಮಾರಾಟಗಾರ ಯಾರು, ಆತ ಯಾರಿಂದ ತಂದ, ಯಾರು ನೋಡುತ್ತಾರೆ? ಡೀಲರ್‌ನ ಷರತ್ತು ಪೆಟ್ಟಿಗೆಯ ಮೇಲೆ ಇರಲಿಲ್ಲ, ಒಳಗಿನ ಪುಸ್ತಕದಲ್ಲೂ ಇರಲಿಲ್ಲ. ಅವರ ವೆಬ್‌ಸೈಟ್‌ನ ಒಂದು ಮೂಲೆಯಲ್ಲಿತ್ತು. ವಾದ ಮಾಡಿದ ಮೇಲೆ ‘ನಿಮಗೋಸ್ಕರ ಈ ಸಲ ನೋಡುತ್ತೇವೆ, ಮಶೀನ್ ಕಳಿಸಿ’ ಎಂದರು. ಅದನ್ನು ಉಪಕಾರದ ಧಾಟಿಯಲ್ಲಿ ಹೇಳಿದ್ದು ನನಗೆ ಇವತ್ತಿಗೂ ಉರಿಯುತ್ತದೆ.

ಡೈ, ಮದ್ದಿನ ಅಳತೆಗಾರ (ಪ್ರತಿ ಕೋಶಕ್ಕೂ ಮದ್ದು ಅಳೆದು ಸುರಿಯುವ ಭಾಗ) ಎಲ್ಲ ಬಿಚ್ಚಿ ಬರೀ ಫ್ರೇಮ್ ಕಳಿಸಲಾ ಎಂದು ನಾನೇ ಕೇಳಿದೆ. ಬೇಡ, ನೀವು ಬಳಸುವ ಹಾಗೆಯೇ ಕಳಿಸಿ, ನಮ್ಮ ಟೆಕ್ನೀಶಿಯನ್ ಓಡಿಸಿ ನೋಡಬೇಕು ಎಂದು ಈಮೇಲ್ ಬಂತು. ಆ ಈಮೇಲೇ ಕೊನೆಗೆ ನನ್ನ ಕೈ ಹಿಡಿದದ್ದು. ಎರಕದ ಕಬ್ಬಿಣ, ಭಾರ ಕೇಳಬೇಡಿ. ಹೋಗುವ ಖರ್ಚು ನಮ್ಮದೇ. ಪ್ಯಾಕ್ ಮಾಡುವಾಗ ಒಂದೊಂದು ಭಾಗದ ಫೋಟೋ ತೆಗೆದೆ, ಪೆಟ್ಟಿಗೆ ಮುಚ್ಚುವುದನ್ನು ಹೆಂಡತಿ ವೀಡಿಯೋ ಮಾಡಿದಳು. ‘ಇದಕ್ಕಿಷ್ಟು ನಾಟಕವೇ?’ ಎಂದು ನಕ್ಕಳು ಕೂಡ.

ಆಮೇಲೆ ಮೌನ. ಫೋನ್ ಮಾಡಿದರೆ ‘ಸಾಲಿನಲ್ಲಿದೆ’. ಈಮೇಲ್ ಹಾಕಿದರೆ ‘ನಿಮ್ಮ ತಾಳ್ಮೆಗೆ ಧನ್ಯವಾದ’. ನನ್ನ ತಾಳ್ಮೆಯನ್ನು ಅವರು ಯಾವಾಗ ನೋಡಿದರೋ. ತಿಂಗಳುಗಳಾದ ಮೇಲೆ ಒಂದು ಹಾಳೆಯ ವರದಿ ಬಂತು. ‘ದುರ್ಬಳಕೆ. ಬೇರೆ ಕಂಪನಿಯ ಬಿಡಿಭಾಗ ಅಳವಡಿಸಲಾಗಿದೆ. ವಾರಂಟಿ ಅನ್ವಯಿಸುವುದಿಲ್ಲ.’ ಆ ಬಿಡಿಭಾಗ ಯಾವುದು ಗೊತ್ತಾ? ಹಿಡಿಯ ತುದಿಯ ನಾಬ್! ಅಂಗೈ ನೋಯುತ್ತದೆ ಎಂದು ತಿರುಗುವ ನಾಬ್ ಹಾಕಿಸಿಕೊಂಡಿದ್ದೆ. ಹಿಡಿಯ ಉದ್ದ ಒಂದಿಷ್ಟೂ ಬದಲಾಗಿರಲಿಲ್ಲ. ಅದಕ್ಕೂ ಅಡಿಯ ಬಿರುಕಿಗೂ ಏನು ಸಂಬಂಧ ಎಂದು ಕೇಳಿದರೆ, ‘ನಮ್ಮ ನಿರ್ಧಾರ ಅಂತಿಮ’. ಪರೀಕ್ಷೆಯ ಶುಲ್ಕ ಮತ್ತು ವಾಪಸ್ ಕಳಿಸುವ ಖರ್ಚು ಕಟ್ಟಿದರೆ ಮಾತ್ರ ಮಶೀನ್ ಕೊಡುತ್ತಾರಂತೆ. ಕಟ್ಟಿದೆ. ಪೆಟ್ಟಿಗೆ ಬಿಚ್ಚಿದರೆ ಬಿರುಕು ಬಿಟ್ಟ ಫ್ರೇಮ್ ಮಾತ್ರ ಇದೆ. ಡೈಗಳೂ ಇಲ್ಲ, ಮದ್ದಿನ ಅಳತೆಗಾರವೂ ಇಲ್ಲ. ಕೇಳಿದರೆ, ನೀವು ಕಳಿಸಿಯೇ ಇಲ್ಲ ಎಂದುಬಿಟ್ಟರು.

ಇಲ್ಲಿಂದ ಮುಂದಿನದು ನಿಮಗೆ ಕೆಲಸಕ್ಕೆ ಬರುವ ವಿಷಯ.

ಅಮೆರಿಕದಲ್ಲಿ 1975ರಲ್ಲಿ ಬಂದ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಇದೆ. ಬೇರೆ ಕಂಪನಿಯ ಭಾಗ ಹಾಕಿದ್ದೀರಿ ಎಂಬ ಒಂದೇ ಕಾರಣಕ್ಕೆ ವಾರಂಟಿ ಹೋಯಿತು ಅನ್ನುವ ಹಾಗಿಲ್ಲ. ಆ ಭಾಗದಿಂದಲೇ ಮುರಿಯಿತು ಎಂದು ಅವರು ತೋರಿಸಬೇಕು. ‘ಈ ಸ್ಟಿಕರ್ ಕಿತ್ತರೆ ವಾರಂಟಿ ಇಲ್ಲ’ ಎಂಬ ಥರದ ಮಾತುಗಳಿಗಾಗಿ 2018ರಲ್ಲಿ ಗ್ರಾಹಕರ ಹಿತ ನೋಡುವ ಅಲ್ಲಿಯ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಹಾಗೆಯೇ 15 ಡಾಲರ್‌ಗಿಂತ ಜಾಸ್ತಿ ಬೆಲೆಯ ವಸ್ತುವಾದರೆ ವಾರಂಟಿಯ ಪೂರ್ತಿ ಷರತ್ತು ಕೊಳ್ಳುವ ಮುಂಚೆಯೇ ಓದಲು ಸಿಗಬೇಕು. ಕೇಳಿ, ಡೌನ್‌ಲೋಡ್ ಮಾಡಿ, ಕೊಂಡ ದಿನದ ಪ್ರತಿ ಇಟ್ಟುಕೊಳ್ಳಿ. ವೆಬ್‌ಸೈಟ್‌ನ ಮಾತು ಆಮೇಲೆ ಬದಲಾಗಬಹುದು.

ಇನ್ನೊಂದು, ಷರತ್ತಿನ ತಲೆಬರಹದಲ್ಲಿ ‘ಫುಲ್’ ಎಂದಿದೆಯಾ, ‘ಲಿಮಿಟೆಡ್’ ಎಂದಿದೆಯಾ ನೋಡಿ. ಫುಲ್ ಆದರೆ ಪುಕ್ಕಟೆ ಸರಿಮಾಡಬೇಕು, ಅವಧಿಯೊಳಗೆ ಮಶೀನ್ ಯಾರ ಕೈಗೆ ಹೋದರೂ ವಾರಂಟಿ ನಿಲ್ಲುತ್ತದೆ. ಲಿಮಿಟೆಡ್ ಆದರೆ ಮೊದಲು ಕೊಂಡವರಿಗೆ ಮಾತ್ರ ಎನ್ನಬಹುದು, ಸಾಗಾಟದ ಖರ್ಚು ನಿಮ್ಮ ತಲೆಗೆ ಕಟ್ಟಬಹುದು. ನಾನು ನೋಡಿದವುಗಳಲ್ಲಿ ಹೆಚ್ಚಿನವು ಲಿಮಿಟೆಡ್ಡೇ. ‘ಲೈಫ್‌ಟೈಮ್’ ಎಂದು ಜಾಹೀರಾತು ಕೊಡುವವರು ಯಾವುದರ ಆಯುಸ್ಸು ಎಂದು ತಿಳಿಸಬೇಕು ಎಂಬ ಮಾರ್ಗಸೂಚಿಯೂ ಇದೆ. ಅದರಲ್ಲಿ ಕೊಟ್ಟ ಉದಾಹರಣೆ ಕಾರಿನ ಮಫ್ಲರ್ (ಹೊಗೆ ಕೊಳವೆಯ ಸದ್ದು ತಗ್ಗಿಸುವ ಭಾಗ) ಬಗ್ಗೆ: ಕಾರು ಇರುವ ತನಕವೋ, ಕೊಂಡವನ ಹತ್ತಿರ ಕಾರು ಇರುವ ತನಕವೋ? ಎರಡಕ್ಕೂ ತುಂಬಾ ವ್ಯತ್ಯಾಸ ಅಲ್ವಾ?

ಎಲ್ಲ ಕಂಪನಿಗಳೂ ಹೀಗೇ ಎಂದಲ್ಲ. ವಿಸ್ಕಾನ್ಸಿನ್‌ನ ಹಾರ್ಟ್‌ಫರ್ಡ್‌ನಲ್ಲಿರುವ ಲೀ ಪ್ರಿಸಿಷನ್ ಜೀವಮಾನದ ಮಾತೇ ಆಡುವುದಿಲ್ಲ. ಎರಡು ವರ್ಷದ ಗ್ಯಾರಂಟಿ, ಆಮೇಲೆ ಈಗಿನ ಬೆಲೆಯ ಅರ್ಧ ಕೊಟ್ಟು ಕಳಿಸಿದರೆ ಹೊಸದರಂತೆ ಮಾಡಿಕೊಡುತ್ತೇವೆ ಎನ್ನುತ್ತದೆ. ಲೆಕ್ಕ ಸ್ಪಷ್ಟ. ನನಗೆ ಅಂಥ ಮಾತೇ ಈಗ ಹೆಚ್ಚು ಹಿಡಿಸುತ್ತದೆ. ಅರಿಜೋನಾದ ಡಿಲನ್ ಪ್ರಿಸಿಷನ್‌ನ ಜೀವಮಾನದ ವಾರಂಟಿಯನ್ನು ಶೂಟಿಂಗ್ ರೇಂಜ್‌ನಲ್ಲಿ ಹೊಗಳದವರಿಲ್ಲ. ಆದರೆ ಹೊಗಳಿಕೆ ಕೇಳಿ ಎಲ್ಲ ಮಾಡೆಲ್‌ಗೂ, ಎಲ್ಲ ಭಾಗಕ್ಕೂ ಒಂದೇ ಷರತ್ತು ಎಂದುಕೊಳ್ಳಬೇಡಿ. ಕರೆಂಟಿನ ತಕ್ಕಡಿ, ಮೋಟರ್ ಇತ್ಯಾದಿಗೆ ಸಾಮಾನ್ಯವಾಗಿ ಬೇರೆಯೇ, ಚಿಕ್ಕ ಅವಧಿ ಇರುತ್ತದೆ. ಕಂಪನಿ ಕೈ ಬದಲಾಯಿಸಿದರೆ ಹಳೆಯ ಮಾತು ಉಳಿಯುತ್ತದೆಂಬ ಖಾತ್ರಿಯೂ ಇಲ್ಲ. ಕೋವಿ ಕಂಪನಿ ರೆಮಿಂಗ್ಟನ್‌ನಂಥ ಎರಡು ಶತಮಾನದ ಹೆಸರೇ 2020ರಲ್ಲಿ ದಿವಾಳಿ ಅರ್ಜಿ ಹಾಕಿ, ತುಂಡು ತುಂಡಾಗಿ ಬೇರೆ ಬೇರೆಯವರ ಪಾಲಾಯಿತು.

ಚಿಕ್ಕ ಭಾಗಕ್ಕೆ ಇಷ್ಟೆಲ್ಲ ರಗಳೆ ಇರುವುದಿಲ್ಲ, ಅದನ್ನೂ ಹೇಳಬೇಕು. ಹಳೆ ಪ್ರೈಮರ್ ತಳ್ಳುವ ಸಣ್ಣ ಪಿನ್ ಆಗಾಗ ಮುರಿಯುತ್ತದೆ. ಕೋಶದ ತಳದಲ್ಲಿ ಒಂದರ ಬದಲು ಎರಡು ತೂತಿರುವ ಬರ್ಡನ್ ಮಾದರಿಯ ವಿದೇಶಿ ಕೋಶ ಸೇರಿಕೊಂಡರೆ ಪಿನ್ ಹೋಯಿತೆಂದೇ ಲೆಕ್ಕ. ಇಂಥದ್ದಕ್ಕೆ ಫೋನ್ ಮಾಡಿದರೆ ಎಷ್ಟೋ ಕಂಪನಿಗಳು ಮಾತಾಡದೆ ಅಂಚೆಯಲ್ಲಿ ಕಳಿಸುತ್ತವೆ. ಹಾಗಾಗಿ ಮೊದಲು ‘ಪಾರ್ಟ್ ಕಳಿಸಿ, ನಾನೇ ಹಾಕಿಕೊಳ್ಳುತ್ತೇನೆ’ ಎನ್ನಿ. ಮಶೀನ್ ನಿಮ್ಮ ಬೆಂಚ್ ಬಿಟ್ಟು ಹೋದರೆ ಮಾತಿನ ಬಲವೂ ಅದರ ಜೊತೆ ಹೋಗುತ್ತದೆ. ಕಳಿಸಲೇಬೇಕಾದರೆ ವಾಪಸ್ ಕಳಿಸಲು ಅವರು ಕೊಡುವ ಅನುಮತಿ ನಂಬರ್, ಖರ್ಚು ಯಾರದು, ವಾರಂಟಿ ಇಲ್ಲ ಎಂದಾದರೆ ಏನು ಶುಲ್ಕ, ಮೂರನ್ನೂ ಈಮೇಲ್‌ನಲ್ಲಿ ಬರೆಸಿಕೊಳ್ಳಿ. ಡೈ ಬಿಚ್ಚಿಟ್ಟುಕೊಳ್ಳಿ. ಹಾಗೇ ಕಳಿಸಿ ಎಂದು ಹಟ ಹಿಡಿದರೆ, ಏನೇನು ಕಳಿಸಿದ್ದೀರಿ ಎಂದು ಪಟ್ಟಿ ಬರೆದು ಪೆಟ್ಟಿಗೆಗೆ ಹಾಕಿ, ಅದೇ ಪಟ್ಟಿಯನ್ನು ಅವರಿಗೆ ಈಮೇಲ್ ಮಾಡಿ.

ಪೆಟ್ಟಿಗೆ ಕಟ್ಟುವ ಮುಂಚೆ ಪ್ರೈಮರ್ ಟ್ಯೂಬ್ ಖಾಲಿ ಇದೆಯಾ, ಮದ್ದಿನ ಡಬ್ಬಿಯಲ್ಲಿ ಚೂರೂ ಉಳಿದಿಲ್ಲವಾ, ಪ್ಲೇಟ್ ಮೇಲೆ ಅರ್ಧ ತುಂಬಿದ ತೋಟೆ ನಿಂತಿದೆಯಾ ನೋಡಿ. ತೋಟೆ, ಪ್ರೈಮರ್, ಮದ್ದು ಯಾವುದನ್ನೂ ಅಮೆರಿಕದ ಅಂಚೆಯಲ್ಲಿ ಕಳಿಸುವಂತಿಲ್ಲ. ಟ್ಯೂಬ್‌ನಲ್ಲಿ 100 ಪ್ರೈಮರ್ ಇರುತ್ತವೆ. ಒಂದು ಸಿಡಿದರೆ ಉಳಿದವೂ ಹೋಗುವ ಸಂಭವ ಇದೆ. ಡೈಯೊಳಗೆ ಕೋಶ ಸಿಕ್ಕಿಕೊಂಡಿದ್ದರಂತೂ ಅದರ ತಳದಲ್ಲಿ ಇನ್ನೂ ಸುಡದ ಪ್ರೈಮರ್ ಇದೆಯೇ ಎಂದು ನೋಡದೆ ಕಳಿಸಲೇಬೇಡಿ.

ನನ್ನ ಕಥೆ ಎಲ್ಲಿಗೆ ಬಂತು? ಟೆಕ್ಸಸ್‌ನ ಗ್ರಾಹಕ ಕಾಯ್ದೆಯಲ್ಲಿ ದಾವೆ ಹೂಡುವ ಮುಂಚೆ 60 ದಿನದ ಲಿಖಿತ ನೋಟಿಸ್ ಕೊಡಬೇಕು. ಸಣ್ಣ ತಕರಾರು ಕೇಳುವ ಇಲ್ಲಿಯ ಜಸ್ಟೀಸ್ ಕೋರ್ಟ್‌ನಲ್ಲಿ 20,000 ಡಾಲರ್‌ವರೆಗಿನ ತಕರಾರನ್ನು ವಕೀಲರಿಲ್ಲದೆ ನಾವೇ ಹೇಳಿಕೊಳ್ಳಬಹುದು. ವಕೀಲ ಗೆಳೆಯನ ಸಲಹೆಯಂತೆ ನೋಟಿಸ್ ಬರೆದು, ಫೋಟೋಗಳು, ವೀಡಿಯೋದ ಪ್ರತಿ, ‘ಹಾಗೆಯೇ ಕಳಿಸಿ’ ಎಂದಿದ್ದ ಈಮೇಲ್ ಎಲ್ಲ ಸೇರಿಸಿ ರಿಜಿಸ್ಟರ್ಡ್ ಮಾಡಿದೆ. ಆಗ ಕಂಪನಿಗೆ ಎಚ್ಚರವಾಯಿತು. ಡೈ ಮತ್ತು ಅಳತೆಗಾರದ ಬೆಲೆ, ಎರಡೂ ಕಡೆಯ ಸಾಗಾಟದ ಖರ್ಚು, ಪರೀಕ್ಷೆಯ ಶುಲ್ಕ ವಾಪಸ್ ಬಂತು. ಕಾಣೆಯಾದ ಸಾಮಾನಿನ ಬಗ್ಗೆ ಒಂದು ಸಾಲಿನ ವಿವರಣೆಯೂ ಇಲ್ಲ. ಫ್ರೇಮ್ ಮಾತ್ರ ಕೊಡಲಿಲ್ಲ. ಹೊಸ ಮಶೀನ್‌ಗೆ ರಿಯಾಯಿತಿ ಕೊಡುತ್ತೇವೆ ಎಂದರು, ನಾನು ಬೇಡ ಎಂದೆ. ಬಿರುಕಿನ ಫ್ರೇಮಿಗಾಗಿ ಕೋರ್ಟ್ ಮೆಟ್ಟಿಲು ಹತ್ತುವುದು ನನಗೆ ಲಾಭದ ಲೆಕ್ಕ ಅನ್ನಿಸಲಿಲ್ಲ. ನಿಮ್ಮದು ದುಬಾರಿ ಮಶೀನ್ ಆಗಿದ್ದರೆ ಹತ್ತಿ. ಈಗ ಒಂದು ಹಳೆಯ ಸಿಂಗಲ್ ಸ್ಟೇಜ್ ಪ್ರೆಸ್ ಕೊಂಡು ಒಂದೊಂದೇ ತುಂಬುತ್ತಿದ್ದೇನೆ. ನಿಧಾನ, ಆದರೆ ಅದರಲ್ಲಿ ಮುರಿಯುವಂಥದ್ದು ಜಾಸ್ತಿ ಏನಿಲ್ಲ.

ಕನ್ನಡದವರಿಗಾಗಿಯೇ ಇನ್ನೆರಡು ಮಾತು. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಈ ಹವ್ಯಾಸಕ್ಕೆ ಇಳಿಯುವ ಮುಂಚೆ ವಕೀಲರನ್ನು ಕೇಳಿ. ಫೆಡರಲ್ ಕಾನೂನು ಅವರಿಗೆ ಸಾಮಾನ್ಯವಾಗಿ ಕೋವಿಯನ್ನೂ ತೋಟೆಯನ್ನೂ ಇಟ್ಟುಕೊಳ್ಳಲು ಬಿಡುವುದಿಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಮಾತ್ರ ಇವೆ. ಗ್ರೀನ್ ಕಾರ್ಡ್ ಇದ್ದವರಿಗೆ ಆ ತಡೆ ಇಲ್ಲ.

ಇನ್ನು, ‘ಊರಿಗೆ ಹೋಗುವಾಗ ಮಶೀನ್ ಒಯ್ದುಬಿಡು, ಪೀಣ್ಯದಲ್ಲಿ ಯಾರಾದರೂ ಎರಕ ಹೊಯ್ದು ಲೇತ್‌ನಲ್ಲಿ ಮಾಡಿಕೊಡ್ತಾರೆ’ ಎಂದು ಗೆಳೆಯನೊಬ್ಬ ಹೇಳಿದ. ಪೀಣ್ಯದವರು ಮಾಡಿಕೊಡುತ್ತಾರೆ, ಅನುಮಾನವೇ ಇಲ್ಲ. ಆದರೆ ಭಾರತದ 1959ರ ಶಸ್ತ್ರ ಕಾಯ್ದೆಯಲ್ಲಿ ತೋಟೆಯ ಭಾಗಗಳು ಮತ್ತು ತೋಟೆ ತಯಾರಿಸುವ ಯಂತ್ರವೂ ಮದ್ದುಗುಂಡಿನ ವ್ಯಾಖ್ಯೆಯೊಳಗೇ ಬರುತ್ತವೆ. ಲೈಸೆನ್ಸ್ ಇಲ್ಲದೆ ಸೂಟ್‌ಕೇಸ್‌ನಲ್ಲಿಟ್ಟು ಬೆಂಗಳೂರಿನಲ್ಲಿ ಇಳಿದರೆ, ವಾರಂಟಿ ಇಲಾಖೆಯ ಬದಲು ಪೊಲೀಸರ ಜೊತೆ ಮಾತಾಡಬೇಕಾಗುತ್ತದೆ. ಬ್ಯಾಗ್‌ನ ಜಿಪ್ ಮೂಲೆಯಲ್ಲಿ ಮರೆತುಹೋದ ಒಂದು ಖಾಲಿ ಕೋಶವೂ ತಲೆನೋವು ತರಬಹುದು. ರೇಂಜ್‌ಗೆ ಒಯ್ಯುವ ಬ್ಯಾಗನ್ನು ಪ್ರಯಾಣಕ್ಕೆ ಬಳಸಲೇಬೇಡಿ.