ಮಾಳಮಡ್ಡಿಯ ಬೆಕ್ಕಿನ ಬೋರ್ಡಿಂಗ್: ಪಾಟಿಯ ಮೇಲಿನ ಎಂಟು ಹೆಸರು

ತಂಗಿ ಮಗಳ ಕುಬಸಕ್ಕೆ ಐದು ದಿನ ಪುಣೆಗೆ ಹೋಗುವುದಿತ್ತು. ನಮ್ಮ ಚಂದ್ರಿಯನ್ನು ಎಲ್ಲಿ ಬಿಡುವುದೆಂದು ಚಿಂತೆ ಹತ್ತಿದಾಗ ಹಾಲಿನವನು ಧಾರವಾಡ ಮಾಳಮಡ್ಡಿಯ ಈ ಮನೆ ತೋರಿಸಿದ. ಶಾಲೆಯಿಂದ ನಿವೃತ್ತರಾದ ಅಕ್ಕೋರೊಬ್ಬರು ಹಿತ್ತಲಲ್ಲಿ ಎಂಟು ಸಣ್ಣ ಕೋಣೆ ಕಟ್ಟಿಸಿ ಬೆಕ್ಕು ನೋಡಿಕೊಳ್ಳುತ್ತಾರೆ. ಊಟ ಸೇರಿ ದಿನಕ್ಕೆ 250 ರೂಪಾಯಿ.

ಕೋಣೆಗಳಿಗೆ ನಂಬರ್ ಇಲ್ಲ. ಒಂದೊಂದು ಬಾಗಿಲಿಗೂ ಕಟ್ಟಿಗೆ ಚೌಕಟ್ಟಿನ ಹಳೇ ಪಾಟಿ ತೂಗುಹಾಕಿ, ಖಡುವಿನಲ್ಲಿ ದುಂಡಗೆ ಹೆಸರು ಬರೆದಿದ್ದಾರೆ: ಕಾಟ್ಸೆ, ಗಾಟೋ, ಶಾ, ಕೋತ್, ಕಾಥ್, ಕಿಸ್ಸಾ, ಪಿಸಿಕಾ, ಬೆಕ್ಕು. ಜರ್ಮನ್, ಸ್ಪ್ಯಾನಿಷ್, ಫ್ರೆಂಚ್, ರಷ್ಯನ್, ವೆಲ್ಷ್, ಫಿನ್ನಿಷ್, ರುಮೇನಿಯನ್, ಕೊನೆಗೆ ನಮ್ಮದು. ಎಲ್ಲವೂ ಬೆಕ್ಕೇ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳು ನಾನು, ಚಂದ್ರಿಯ ಬುಟ್ಟಿ ಕೆಳಗಿಟ್ಟು ಪಾಟಿ ಓದುತ್ತ ನಿಂತುಬಿಟ್ಟೆ.

"ನಿಮ್ಮ ಚಂದ್ರಿ ಶಾದಾಗ ಇರ್ತಾಳ್ರಿ, ಕಿಡಕಿ ಅದಕ್ಕ ಅದ" ಅಂದರು ಅಕ್ಕೋರು.

ಮೊದಲ ಐದೂ ಒಂದೇ ಬಳ್ಳಿಯವು. ರೋಮನ್ನರು ಹಿಂದೆ ಬೆಕ್ಕಿಗೆ ಫೇಲೆಸ್ ಅನ್ನುತ್ತಿದ್ದರು. ಆಮೇಲೆ ಕಟ್ಟುಸ್ ಎಂಬ ಮಾತು ಬಂದು ಅದನ್ನು ಮೂಲೆಗೆ ತಳ್ಳಿತು. ನೆಲದೊಳಗೆ ಬಿಲ ತೋಡಿ ತೋಟ ಹಾಳುಮಾಡುವ, ಇಲಿಯಂಥ ಮೋಲ್‌ಗಳನ್ನು ಹಿಡಿಯಲು ಕಟ್ಟುಸ್ ಸಾಕಿರೆಂದು ಬೇಸಾಯದ ಬಗ್ಗೆ ಬರೆದ ಪಲ್ಲಾಡಿಯಸ್ ಹೇಳಿದ್ದಾನೆ. ಈಜಿಪ್ಟಿನ ಕಡೆಯಿಂದ ಬೆಕ್ಕು ಬಂದ ದಾರಿಯಲ್ಲೇ ಆ ಹೆಸರೂ ಆಫ್ರಿಕದಿಂದ ಬಂದಿರಬೇಕೆಂದು ಬಹಳ ವಿದ್ವಾಂಸರ ಊಹೆ. ನ್ಯೂಬಿಯನ್ ಮಾತಿನ ಕದೀಸ್, ಅರಬ್ಬಿಯ ಕಿತ್ತ್ ಅದಕ್ಕೆ ಹತ್ತಿರವಿವೆ. ಸ್ಪೇನಿನಲ್ಲಿ ಮೊದಲ ಕಕಾರ ಗಕಾರವಾಗಿ ಗಾಟೋ ಆಯಿತು. ಫ್ರಾನ್ಸಿನಲ್ಲಿ ಕಕಾರ ಸವೆದು ಶಕಾರವಾಗಿ, ಕೊನೆಯ ತಕಾರ ಬರವಣಿಗೆಯಲ್ಲಿ ಉಳಿದು ಬಾಯಲ್ಲಿ ಬಿದ್ದುಹೋಯಿತು. ನಮ್ಮ ಕಿವಿ ತಮಿಳರಲ್ಲಿ ಚೆವಿಯಾದದ್ದೂ ಇಂಥದ್ದೇ ಸವೆತ. ಅಕ್ಕೋರು ಇದನ್ನೆಲ್ಲ ಚಂದ್ರಿಗೆ ಮೀನಿನ ಮುಳ್ಳು ತೆಗೆಯುತ್ತಲೇ ಹೇಳಿದರು.

ಪಿಸಿಕಾ, ಕಿಸ್ಸಾ ಹಿಂದಿನ ಸಾಲಿನಲ್ಲಿವೆ. ಅವು ಬೆಕ್ಕನ್ನು ಕರೆಯುವ ದನಿಯಿಂದಲೇ ಹುಟ್ಟಿದವು. ನಮ್ಮಜ್ಜಿ ಸಂಜೆ ಹಾಲಿನ ತಾಟು ಹಿಡಿದು "ಪಿಸ್ ಪಿಸ್" ಅನ್ನುತ್ತಿದ್ದಳು. ರುಮೇನಿಯದ ಮುದುಕಿಯರೂ ಹಾಗೇ ಅನ್ನುತ್ತಾರೆಂದು ಗೊತ್ತಾಗಿ ನನಗೆ ಅಜ್ಜಿಯ ನೆನಪು ಒತ್ತರಿಸಿ ಬಂತು.

ತಕರಾರು ಒಂದೇ. ಬೆಕ್ಕು ಎಂಬ ಪಾಟಿಯನ್ನೂ ಅವರು ಕಟ್ಟುಸ್ ಸಾಲಿಗೆ ಸೇರಿಸಿದ್ದರು, ಕಕಾರ ಇದೆಯೆಂದು. ಅದು ಸರಿಯಲ್ಲ. ಬೆಕ್ಕು ಹಿಂದೆ ಬೆರ್ಕು ಆಗಿತ್ತು. ತಮಿಳಿನಲ್ಲಿ ಕಾಡುಬೆಕ್ಕಿಗೆ ವೆರುಕು ಅನ್ನುತ್ತಾರೆ. ಅವರ ವೆಣ್ಣೆಯ್ ನಮ್ಮಲ್ಲಿ ಬೆಣ್ಣೆಯಾದಂತೆ ವಕಾರ ಬಕಾರವಾಗಿದೆ, ನಡುವಿನ ರಕಾರ ಕಕಾರದಲ್ಲಿ ಕರಗಿದೆ. ಯುರೋಪಿನ ಬಳ್ಳಿಗೂ ಅದಕ್ಕೂ ನಂಟಿಲ್ಲ.

"ಹೌದೇನ್ರಿ? ಬರದು ಕೊಡ್ರಿ" ಅಂದರು. ಬಿಲ್ಲಿನ ಹಿಂದೆ ಬರೆದುಕೊಟ್ಟು ಹೋದೆ.

ಐದನೇ ದಿನ ಬಂದಾಗ ಚಂದ್ರಿ ಕಿಡಕಿಯ ಬಿಸಿಲಲ್ಲಿ ಮುಂಗಾಲನ್ನು ನೆಕ್ಕಿ ನೆಕ್ಕಿ, ಅದೇ ಕಾಲಿನಿಂದ ಕಿವಿಯ ಹಿಂದೆ ಒರೆಸಿಕೊಳ್ಳುತ್ತಿದ್ದಳು. "ನೋಡ್ರಿ, ಮಾರ್ಜಾರ ಅಂದ್ರ ಇದ" ಅಂದರು ಅಕ್ಕೋರು. ಸಂಸ್ಕೃತದಲ್ಲಿ ಮೃಜ್ ಅಂದರೆ ಒರೆಸು, ತೊಳೆ. ಮೈ ಒರೆಸಿಕೊಳ್ಳುವ ಪ್ರಾಣಿ ಅಂತ ಆ ಹೆಸರು. ಬೆಕ್ಕು ಪಾಟಿ ಅಷ್ಟರಲ್ಲಿ ಆ ಸಾಲು ಬಿಟ್ಟು ತುಳಸಿಕಟ್ಟೆಯ ಹತ್ತಿರದ ಬಾಗಿಲಿಗೆ ಬಂದಿತ್ತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬೆರ್ಕು ಎಂದೂ ಇತ್ತು.

ಮೈ ತೂಕ ಇಳಿದಿಲ್ಲ, ಕಣ್ಣು ಶುಭ್ರ. ಆದರೆ ಮರಳಿನ ತಟ್ಟೆ ಮುಂಜಾನೆ ಒಮ್ಮೆ ಮಾತ್ರ ಬದಲಿಸುತ್ತಾರೆ, ಸಂಜೆಗೆ ವಾಸನೆ ಬರುತ್ತದೆ. ಸಂಜೆಯೂ ಬದಲಿಸಿರೆಂದು ಹೇಳಿ ಬಂದಿದ್ದೇನೆ. ಕೋಣೆ ಎಂಟೇ ಇರುವುದರಿಂದ ದೀಪಾವಳಿಗೆ ಬೇಕಾದವರು ದಸರೆಯಲ್ಲೇ ಹೇಳಿಡಿ. ಅಂಜುಬುರುಕ ಬೆಕ್ಕಿದ್ದರೆ ಹಿಂದಿನ ಸಾಲಿನ ಪಿಸಿಕಾ ಕೇಳಿ, ಅಲ್ಲಿಗೆ ನಾಯಿ ಬೊಗಳುವುದು ಕೇಳಿಸುವುದಿಲ್ಲ.