ಮುಳುಗುವುದಕ್ಕೆಂದೇ ನೀರಿಗಿಳಿಯುವ ಹಡಗುಗಳು: ಟೆಕ್ಸಾಸ್‌ನ ಕೊಳವೊಂದರಲ್ಲಿ ಒಂದು ದಿನ

ರೇಡಿಯೋ ನಿಯಂತ್ರಿತ ಯುದ್ಧನೌಕೆಗಳ ಆಟವೆಂದರೆ ಚಂದದ ಹಡಗುಗಳನ್ನು ನೀರಿನಲ್ಲಿ ನಾಲ್ಕು ಸುತ್ತು ಹಾಕಿಸಿ, ಒರೆಸಿ, ಮನೆಗೆ ತರುವುದು ಎಂದು ನಾನು ತಿಳಿದಿದ್ದೆ. ಕಳೆದ ಅಕ್ಟೋಬರ್‌ನ ಒಂದು ಶನಿವಾರ, ಡಲ್ಲಾಸ್‌ನಿಂದ ಒಂದೂವರೆ ಗಂಟೆಯ ದಾರಿಯಲ್ಲಿರುವ ರೈತರೊಬ್ಬರ ಜಮೀನಿನ ಕೊಳದ ದಡದಲ್ಲಿ ಆ ತಿಳಿವಳಿಕೆ ಸುಳ್ಳಾಯಿತು. ಹವ್ಯಾಸಿಗಳ ಬಳಗವೊಂದು ಹೊಸಬರಿಗಾಗಿ ಏರ್ಪಡಿಸಿದ್ದ ದಿನವದು. ಮೂವತ್ತು ಡಾಲರ್ ಕೊಟ್ಟರೆ ಬಳಗದ ಹಡಗೊಂದನ್ನು ಸಂಜೆಯವರೆಗೆ ನಮ್ಮ ಕೈಗೆ ಕೊಡುತ್ತಾರೆ. ಗ್ಯಾಸ್, ಬ್ಯಾಟರಿ, ಚರೆಗಳ ಖರ್ಚೆಲ್ಲ ಅದರಲ್ಲೇ ಸೇರಿದೆ. ನಾನು ಹನ್ನೆರಡು ವರ್ಷದ ಮಗಳೊಂದಿಗೆ ಹೋಗಿದ್ದೆ. ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಈ ಭಾಗದ ಕನ್ನಡಿಗರಿಗೆ ಉಪಯೋಗವಾಗಲೆಂದು ಆ ದಿನದ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಟದ ಸ್ವರೂಪವನ್ನು ಮೊದಲು ಹೇಳಬೇಕು. ಇದು 1970ರ ದಶಕದ ಕೊನೆಯಲ್ಲಿ ಇದೇ ಟೆಕ್ಸಾಸ್‌ನಲ್ಲಿ ಹುಟ್ಟಿದ ಹವ್ಯಾಸ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನಿಜವಾಗಿಯೂ ಇದ್ದ ಯುದ್ಧನೌಕೆಗಳನ್ನು 1:144ರ ಪ್ರಮಾಣದಲ್ಲಿ, ಅಂದರೆ ಮೂಲದ ನೂರ ನಲವತ್ತನಾಲ್ಕನೆಯ ಒಂದು ಪಾಲಿನ ಅಳತೆಯಲ್ಲಿ ಕಟ್ಟುತ್ತಾರೆ. ಹಡಗಿನ ಪಕ್ಕಗಳಲ್ಲಿ ಪಕ್ಕೆಲುಬುಗಳಂತಹ ಪಟ್ಟಿಗಳನ್ನು ಮಾತ್ರ ಗಟ್ಟಿಯಾಗಿ ಉಳಿಸಿ, ನಡುವಿನ ಜಾಗಕ್ಕೆಲ್ಲ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಬಾಲ್ಸಾ ಮರದ ಹಾಳೆಯನ್ನು ಹೊದಿಸಿರುತ್ತಾರೆ. ಎದುರಾಳಿಯ ಚರೆ ತೂರಿಕೊಂಡು ಹೋಗಲೆಂದೇ ಈ ಏರ್ಪಾಡು. ಒಡಲಿನೊಳಗೆ ಪೇಂಟ್‌ಬಾಲ್ ಬಂದೂಕಿಗೆ ಹಾಕುವಂತಹ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇರುತ್ತದೆ. ಅದರ ಒತ್ತಡವನ್ನು ಚದರ ಅಂಗುಲಕ್ಕೆ 150 ಪೌಂಡಿಗೆ ಇಳಿಸಿ ಫಿರಂಗಿಗಳಿಗೆ ಹಾಯಿಸುತ್ತಾರೆ, ಅವು ನಾಲ್ಕೂವರೆ ಮಿಲಿಮೀಟರಿನ, ತಾಮ್ರದ ಲೇಪವಿರುವ ಉಕ್ಕಿನ ಚರೆಗಳನ್ನು ಉಗುಳುತ್ತವೆ. ತೂತಾದ ಹಡಗಿನಿಂದ ನೀರೆತ್ತಲು ಪಂಪ್ ಉಂಟು, ಆದರೆ ಅದರ ಬಾಯಿ ಎಂಟನೆಯ ಒಂದು ಅಂಗುಲಕ್ಕಿಂತ ಅಗಲವಿರಕೂಡದು. ನೀರಿನ ಗೆರೆಗಿಂತ ಮೇಲಿನ ತೂತಿಗೆ 10 ಅಂಕ, ಗೆರೆಯ ಮೇಲೆಯೇ ಬಿದ್ದರೆ 25, ಗೆರೆಯ ಕೆಳಗಾದರೆ 50. ಫಿರಂಗಿಯ ನಿಜವಾದ ಗಾತ್ರಕ್ಕೆ ತಕ್ಕಂತೆ ಗುಂಡಿನ ಗಾತ್ರವನ್ನೂ ಬದಲಿಸುವ ಬೇರೊಂದು ಪದ್ಧತಿಯೂ ಈ ದೇಶದಲ್ಲಿದೆ. ನಾನು ಆಡಿದ್ದು ಅದಲ್ಲ.

ನಮ್ಮ ಪಾಲಿಗೆ ಬಂದದ್ದು ಜರ್ಮನಿಯ 'ಫಾನ್ ಡೆರ್ ಟಾನ್'. 1910ರಲ್ಲಿ ಸೇವೆಗೆ ಸೇರಿದ ಇದು ಆ ದೇಶದ ಮೊದಲ ಬ್ಯಾಟಲ್‌ಕ್ರೂಸರ್, ಅಂದರೆ ದೊಡ್ಡ ಫಿರಂಗಿಗಳಿದ್ದೂ ವೇಗವಾಗಿ ಓಡುವ ಯುದ್ಧನೌಕೆ. ಮೂಲ ಹಡಗು 171 ಮೀಟರಿಗೂ ಸ್ವಲ್ಪ ಹೆಚ್ಚು ಉದ್ದವಿದ್ದುದರಿಂದ ಮಾದರಿ ಸುಮಾರು ನಾಲ್ಕಡಿ ಬರುತ್ತದೆ. ತೂಕದ ಲೆಕ್ಕ ಮಾತ್ರ ನನಗೆ ಬಹಳ ಹಿಡಿಸಿತು: ಉದ್ದವನ್ನು 144ರಿಂದ ಭಾಗಿಸಿದರೆ, ತೂಕವನ್ನು 144ರ ಘನದಿಂದ, ಎಂದರೆ ಸುಮಾರು ಮೂವತ್ತು ಲಕ್ಷದಿಂದ ಭಾಗಿಸಬೇಕು, ಹಾಗಾಗಿ ಹತ್ತೊಂಬತ್ತು ಸಾವಿರ ಟನ್ನಿಗೂ ಮಿಕ್ಕ ಆ ದೈತ್ಯ, ಅಕ್ಕಿಯ ಸಣ್ಣ ಚೀಲದಂತೆ ಆರೂವರೆ ಕಿಲೋ ಆಗಿ ನನ್ನ ತೋಳಿನಲ್ಲಿ ಕೂತಿತು. ಕಾರವಾರದ ಕಡಲದಂಡೆಯಲ್ಲಿ ನಿಲ್ಲಿಸಿರುವ 'ಚಪಲ್' ನೌಕೆಯನ್ನು ಹತ್ತಿ ಇಳಿದು ಬೆಳೆದ ನನಗೆ, ಯುದ್ಧನೌಕೆಯನ್ನು ಮಗುವಿನಂತೆ ಎತ್ತಿಕೊಂಡು ನಡೆಯುವುದು ವಿಚಿತ್ರವೆನಿಸಿತು.

ಸುರಕ್ಷತೆಯ ವಿಷಯದಲ್ಲಿ ಬಳಗದವರು ಕಟ್ಟುನಿಟ್ಟು. ದಡದಿಂದ ಇಷ್ಟು ದೂರವೆಂದು ಎಳೆದ ಹಗ್ಗದ ಒಳಗೆ ಬರುವ ಪ್ರತಿಯೊಬ್ಬರೂ, ನೋಡಲು ಬಂದ ಅಜ್ಜಿಯಂದಿರೂ ಸೇರಿ, ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಲೇಬೇಕು, ಫಿರಂಗಿಗಳ ಬೀಗದ ಪಿನ್ನನ್ನು ಹಡಗು ನೀರಿಗಿಳಿದ ಮೇಲೆಯೇ ತೆಗೆಯಬೇಕು. ಇದಕ್ಕೆ ಪೂರ್ತಿ ಅಂಕ. ಆದರೆ ನಿಯಮಗಳನ್ನು ವಿವರಿಸಿದ ರೀತಿ ನನಗೆ ಒಪ್ಪಿಗೆಯಾಗಲಿಲ್ಲ. ಹಳಬರು ತಮ್ಮೊಳಗಿನ ಸಂಕ್ಷೇಪದ ಮಾತುಗಳಲ್ಲೇ ಹತ್ತು ನಿಮಿಷದಲ್ಲಿ ಮುಗಿಸಿಬಿಟ್ಟರು, ಹೊಸಬರಾದ ನಾವು ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹಡಗುಗಳನ್ನು ಎರಡು ಬಣಗಳಾಗಿ ಹಂಚಿ ಹತ್ತೂವರೆಗೆ ಮೊದಲ ಕಾಳಗ ಶುರುವಾಯಿತು. ನಮ್ಮ ಹಡಗಿನ ಫಿರಂಗಿಗಳಲ್ಲಿ ಎರಡು ಹಿಂಬದಿಗೇ ಮುಖ ಮಾಡಿದ್ದವು. ಹೊಡೆಯಬೇಕೆಂದರೆ ಎದುರಾಳಿಯ ಮುಂದೆ ಹೋಗಿ ಅವನಿಗೆ ಬೆನ್ನು ತೋರಿಸಿ ಓಡುವಂತೆ ನಟಿಸಬೇಕು ಎಂಬ ಈ ತಂತ್ರ ತಲೆಗೆ ಹತ್ತುವಷ್ಟರಲ್ಲಿ ಐದಾರು ನಿಮಿಷ ಕಳೆದಿತ್ತು. ನಾಲ್ಕಡಿಯ ಹಡಗು ನೂರು ಅಡಿಯನ್ನು 24 ಸೆಕೆಂಡಿನಲ್ಲಿ ದಾಟುತ್ತದೆ. ನಡಿಗೆಯ ವೇಗವೇ ಅದು, ಆದರೂ ಹಡಗು ನಮ್ಮ ಕಡೆಗೆ ತಿರುಗಿ ಬರುವಾಗ ಎಡಬಲ ಅದಲುಬದಲಾಗಿ ಬೆರಳುಗಳು ತಡವರಿಸುತ್ತವೆ. ರಿಮೋಟನ್ನು ಮಗಳ ಕೈಗೆ ಕೊಟ್ಟೆ. ಆ ತೊಡಕು ಅವಳಿಗೆ ತೊಡಕೇ ಆಗಲಿಲ್ಲ.

ಅಷ್ಟರಲ್ಲಿ ಫಿರಂಗಿಗಳು ಒಂದೊಂದಾಗಿ ಮೂಕವಾದವು. ಗುಂಡಿ ಒತ್ತಿದರೆ ಗ್ಯಾಸಿನ ಬುಸ್ ಎಂಬ ಸದ್ದು ಮಾತ್ರ ಬರುತ್ತಿತ್ತು, ಚರೆ ಹೊರಡುತ್ತಿರಲಿಲ್ಲ. ಬಾಡಿಗೆಯ ಹಡಗಿನ ನಳಿಗೆಗಳನ್ನು ಹಿಂದಿನ ಸಲದ ಒದ್ದೆ ಒಣಗಿಸದೆ ಇಟ್ಟಿದ್ದರಿಂದ ಚರೆಗಳು ತುಕ್ಕು ಹಿಡಿದು ಸಿಕ್ಕಿಕೊಂಡಿದ್ದವೆಂದು ಆಮೇಲೆ ತಿಳಿಯಿತು. ಇದು ಈ ದಿನದ ಬಗ್ಗೆ ನನ್ನ ದೊಡ್ಡ ದೂರು. ಆದರೆ ನಮ್ಮ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ನಕ್ಕು, ನಿಮ್ಮ ಹಡಗು ಇತಿಹಾಸಕ್ಕೆ ನಿಷ್ಠವಾಗಿದೆ ಎಂದರು. ಮೊದಲ ಮಹಾಯುದ್ಧದಲ್ಲಿ, 1916ರ ಮೇ 31ರಂದು ಬ್ರಿಟನ್ ಮತ್ತು ಜರ್ಮನಿಯ ನೌಕಾಪಡೆಗಳ ನಡುವೆ ನಡೆದ ಜಟ್ಲಂಡ್ ಕದನದಲ್ಲಿ ಇದೇ ಫಾನ್ ಡೆರ್ ಟಾನ್, ಕಾಳಗ ಶುರುವಾದ ಕಾಲು ಗಂಟೆಯಲ್ಲಿ ಬ್ರಿಟನ್ನಿನ 'ಇಂಡಿಫ್ಯಾಟಿಗಬಲ್' ಅನ್ನು ಸಾವಿರಕ್ಕೂ ಹೆಚ್ಚು ಜನರೊಂದಿಗೆ ಮುಳುಗಿಸಿತ್ತು. ಆಮೇಲೆ ತನ್ನ ದೊಡ್ಡ ಫಿರಂಗಿಗಳೆಲ್ಲ ಕೆಟ್ಟು ಕೂತರೂ, ತಾನು ಹೊರಟುಹೋದರೆ ಶತ್ರುವಿನ ಗುಂಡೆಲ್ಲ ಜೊತೆಯ ಹಡಗುಗಳ ಮೇಲೆ ಬೀಳುತ್ತದೆಂದು ಸಾಲು ಬಿಡದೆ ಸಾಗಿತ್ತು.

ಆಟದಲ್ಲಿ ಇಂತಹ ಹೊತ್ತಿಗೆಂದೇ ಒಂದು ನಿಯಮವಿದೆ. ಹೊರಗೆ ಬರಬೇಕೆಂದರೆ 'ಐದು' ಎಂದು ಕೂಗಬೇಕು, ಕೂಗಿದ ಮೇಲೆ ಐದು ನಿಮಿಷ ಮುಳುಗದೆ ನೀರಿನಲ್ಲೇ ಇರಬೇಕು. ನಾವು ಕೂಗಿದ್ದೇ ತಡ, ಎದುರು ಬಣದ ನಾಲ್ಕೂವರೆ ಅಡಿಯ 'ವಾರ್‌ಸ್ಪೈಟ್' ಮತ್ತು ಅದರ ಜೊತೆಗಾರ ಎರಡೂ ನಮ್ಮ ಬೆನ್ನು ಹತ್ತಿದವು. ಚರೆ ಬಾಲ್ಸಾಕ್ಕೆ ಬಡಿಯುವ ಸದ್ದು ನಾನು ಅಂದುಕೊಂಡಂತೆ ಇರಲಿಲ್ಲ, ಒಣಗಿದ ಹಪ್ಪಳವನ್ನು ಬೆರಳಿನಿಂದ ಮುರಿದಂತೆ ಇತ್ತು. ಮೊದಲು ಪಂಪಿನ ಬಾಯಿಂದ ನೂಲಿನಷ್ಟು ನೀರು ಆಗೊಮ್ಮೆ ಈಗೊಮ್ಮೆ ಚಿಮ್ಮುತ್ತಿತ್ತು. ಮೂರನೆಯ ನಿಮಿಷಕ್ಕೆ ಅದು ನಿಲ್ಲದ ಧಾರೆಯಾಯಿತು. ಹಿಂಬದಿ ತಗ್ಗಿ, ಅಟ್ಟದ ಮೇಲೆ ನೀರು ಹರಿದಾಡತೊಡಗಿತು. "ಅಪ್ಪಾ, ಬಲಕ್ಕೆ ವಾಲ್ತಿದೆ, ಎಡಕ್ಕೆ ತಿರುಗಿಸ್ಲಾ?" ಎಂದು ಮಗಳು ಕೇಳುವಷ್ಟರಲ್ಲಿ ಮೂತಿ ಒಂದು ಗೇಣು ಮೇಲೆದ್ದು, ಕ್ಷಣ ಹಾಗೆಯೇ ನಿಂತು, ಗುಳುಗುಳು ಸದ್ದಿನೊಂದಿಗೆ ಹಡಗು ಕಣ್ಮರೆಯಾಯಿತು. ಇನ್ನು ನಲವತ್ತು ಸೆಕೆಂಡ್ ಉಳಿದಿತ್ತು. ದಾರಕ್ಕೆ ಕಟ್ಟಿದ್ದ ಕಿತ್ತಳೆ ಬಣ್ಣದ ತೇಲುಬುರುಡೆ ಮಾತ್ರ ಮೇಲೆ ಬಂದು ಜಾಗ ತೋರಿಸಿತು. ದಡದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ಮುಳುಗಿಸಿದವರು ಬಂದು ಮಗಳ ಕೈ ಕುಲುಕಿದರು.

ಸೊಂಟದ ಮಟ್ಟದ ನೀರಿಗಿಳಿದು ಹಡಗನ್ನು ಎತ್ತಿ ತಂದ ಮೇಲಿನ ಎರಡು ಗಂಟೆಗಳೇ ಈ ದಿನದಲ್ಲಿ ಹಣಕ್ಕೆ ಸರಿಯಾಗಿ ಸಿಕ್ಕಿದ್ದು. ಅದೇ ಹಿರಿಯರು, ಮೆಷಿನ್ ಶಾಪಿನಲ್ಲಿ ದುಡಿದು ನಿವೃತ್ತರಾದವರು, ಮಡಚುವ ಮೇಜಿನ ಮೇಲೆ ಹಡಗನ್ನು ಮಗುಚಿ ಹಾಕಿ, ತೂತುಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿಸಿದರು. ಒಟ್ಟು 37, ಅವುಗಳಲ್ಲಿ ನೀರಿನ ಗೆರೆಯ ಕೆಳಗಿನವು 9. ಬಾಲ್ಸಾವನ್ನು ಬಟ್ಟೆಯಿಂದ ಒತ್ತಿ ಒಣಗಿಸಿ, ಉಗುರುಬಣ್ಣದ ವಾಸನೆಯ ದ್ರವವನ್ನು ಹಚ್ಚಿ, ಅದರ ಮೇಲೆ ತೆಳುಕಾಗದದ ಚೌಕಗಳನ್ನು ಸುಕ್ಕಿಲ್ಲದಂತೆ ಕೂರಿಸುವುದನ್ನು ಮಗಳಿಗೆ ಕಲಿಸಿದರು. ಮೊದಲ ನಾಲ್ಕನ್ನು ಅವರು ಮಾತಿಲ್ಲದೆ ಕಿತ್ತು ಮತ್ತೆ ಹಾಕಿಸಿದರು, ಐದನೆಯದನ್ನು ಬಿಟ್ಟರು. ಫಿರಂಗಿಯನ್ನು ಬಿಚ್ಚಿ, ಚರೆಯನ್ನು ತಡೆದು ಹಿಡಿಯುವ ರಬ್ಬರ್ ಬಳೆ ಹೇಗೆ ಒತ್ತಡ ಬಂದೊಡನೆ ಅದನ್ನು ಬಿಟ್ಟುಕೊಡುತ್ತದೆ ಎಂದು ನನಗೆ ತೋರಿಸಿದ್ದೂ ಅವರೇ. ನಳಿಗೆಗಳನ್ನು ಬೆಳಿಗ್ಗೆಯೇ ಹೀಗೆ ಒಮ್ಮೆ ಬಿಚ್ಚಿ ನೋಡಿದ್ದರೆ ಮೊದಲ ಕಾಳಗ ಹಾಳಾಗುತ್ತಿರಲಿಲ್ಲ ಎಂದು ನಾನು ಹೇಳಿದಾಗ ಅವರು ಒಪ್ಪಿಕೊಂಡರು.

ಮಧ್ಯಾಹ್ನದ ಕಾಳಗದಲ್ಲಿ ಎಲ್ಲ ಫಿರಂಗಿಗಳೂ ಕೆಲಸ ಮಾಡಿದವು, ಚರೆಗಳು ಮುಗಿಯುವವರೆಗೂ ಹೊಡೆದೆವು, ಐದು ನಿಮಿಷವನ್ನೂ ದಾಟಿದೆವು. ಹೆಚ್ಚು ಹೇಳುವುದಕ್ಕೇನೂ ಇಲ್ಲ.

ಕೆಲವು ಕೊರತೆಗಳನ್ನು ಬರೆಯಲೇಬೇಕು. ದಡದಲ್ಲಿ ನೆರಳಿಲ್ಲ, ಅಕ್ಟೋಬರ್‌ನಲ್ಲೂ ಟೆಕ್ಸಾಸ್‌ನ ಬಿಸಿಲು ನೆತ್ತಿ ಸುಡುತ್ತದೆ. ಊಟವೆಂದರೆ ಹಾಟ್ ಡಾಗ್ ಒಂದೇ, ಸಸ್ಯಾಹಾರಿಗಳಿಗೆ ಚಿಪ್ಸ್ ಪೊಟ್ಟಣವೇ ಗತಿ. ನಾವು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ನಮ್ಮನ್ನೂ ಇನ್ನಿಬ್ಬರನ್ನೂ ಉಳಿಸಿತು. ಸಾವಿರಾರು ಉಕ್ಕಿನ ಚರೆಗಳು ಕೊಳದ ತಳದಲ್ಲೇ ಉಳಿಯುತ್ತವೆ ಎಂಬುದು ನನ್ನ ಮನಸ್ಸಿಗೆ ಕಸಿವಿಸಿ ಉಂಟುಮಾಡಿತು. ಸೀಸವಲ್ಲವಲ್ಲ, ತುಕ್ಕು ಹಿಡಿದು ಕರಗುತ್ತವೆ ಎಂದು ಅವರು ಕೊಟ್ಟ ಉತ್ತರ ನನ್ನನ್ನು ಪೂರ್ತಿ ಒಪ್ಪಿಸಲಿಲ್ಲ. ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇದು ಹೇಳಿ ಮಾಡಿಸಿದ್ದಲ್ಲ, ಏಕೆಂದರೆ ದಿನದ ಬಹುಪಾಲು ಕಾಯುವುದರಲ್ಲಿ ಮತ್ತು ಒಣಗಿಸುವುದರಲ್ಲಿ ಕಳೆಯುತ್ತದೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಹೋಗುವವರು ಟೋಪಿ, ಬುತ್ತಿ, ನೀರಿಗಿಳಿಯಲು ಹಳೆಯ ಶೂ ಒಯ್ಯಬೇಕು, ಮತ್ತು ಹಡಗನ್ನು ಕೈಗೆ ಕೊಟ್ಟೊಡನೆ, ನೀರಿಗೆ ಬಿಡುವ ಮೊದಲು, ಪ್ರತಿ ಫಿರಂಗಿಯಿಂದಲೂ ಒಂದೊಂದು ಚರೆಯನ್ನು ತಮ್ಮೆದುರೇ ಹಾರಿಸಿ ತೋರಿಸಲು ಕೇಳಬೇಕು.